ಲಾಭ ನಾಟಕ ಸಂಘ

ಹರಪನಹಳ್ಳಿಯ ಆಧುನಿಕ ರಂಗಭೂಮಿ ಒಂದು ಗಡ್ಡದಿಂದ ಹುಟ್ಟಿತು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅಂಚೆ ಕಚೇರಿಯ ಗುಮಾಸ್ತ ಸೋಮಪ್ಪ ರಜೆ ಹಾಕಿ ಧಾರವಾಡದ ಒಂದು ರಂಗ ಶಿಬಿರಕ್ಕೆ ಹೋದ. ಹೋಗುವಾಗ ಮುಖ ನುಣ್ಣಗಿತ್ತು. ಬರುವಾಗ ಗಡ್ಡ ತಂದ, ಜುಬ್ಬ ತಂದ, ಬಗಲಿಗೆ ಬಟ್ಟೆಯ ಚೀಲ ತಂದ. ಚೀಲದೊಳಗೆ ಏನೂ ಇರಲಿಲ್ಲ. ಆದರೆ ತಲೆಯೊಳಗೆ ಎರಡು ಹೊಸ ಪದಗಳಿದ್ದವು: 'ಸಮೂಹ' ಮತ್ತು 'ಲಾಭರಹಿತ'. ಗಡ್ಡದಿಂದ ಊರಿಗೆ ಯಾವ ತೊಂದರೆಯೂ ಆಗಲಿಲ್ಲ. ತೊಂದರೆಯೆಲ್ಲ ಪದಗಳಿಂದಲೇ ಆಯಿತು.

ಸಮೂಹ ಎಂದರೆ ನಾಟಕದಲ್ಲಿ ನಾಯಕನೆಂಬವನು ಇಲ್ಲ, ಎಲ್ಲರೂ ಸಮ. ನಮ್ಮ ಕಡೆಗೆ ಇದು ತೀರಾ ಹೊಸದು. ಇಲ್ಲಿ ಯಾರ ಮನೆಯಲ್ಲಿ ಎತ್ತು ಹೆಚ್ಚೋ ಅವರು ರಾಜ, ಯಾರ ಹೆಂಡತಿಯ ಹತ್ತಿರ ರೇಷ್ಮೆ ಸೀರೆ ಇದೆಯೋ ಅವರು ರಾಣಿ. ಮಿಕ್ಕವರೆಲ್ಲ ಬೆಳಗಿನ ತನಕ ಭರ್ಜಿ ಹಿಡಿದು ನಿಂತಿರಬೇಕು. ಸೋಮಪ್ಪ ಇದನ್ನೆಲ್ಲ ಒಂದೇ ಏಟಿಗೆ ರದ್ದು ಮಾಡಿದ. ಅವನು ಬರೆದ ನಾಟಕದಲ್ಲಿ ಇದ್ದವರು ನಾವು ನಾಲ್ವರು: ಅವನು, ಹೊಲಿಗೆ ತರಗತಿಯ ಟೀಚರ್ ಗಾದೆಮ್ಮ, ಸೈಕಲ್ ಅಂಗಡಿಯ ನಾಗೇಂದ್ರಪ್ಪ ಮತ್ತು ನಾನು. ನಾಲ್ವರೂ ಕೈ ಕೈ ಹಿಡಿದು ಸುತ್ತ ನಿಂತರೆ ಬಾವಿ. ಆ ಬಾವಿ ನನ್ನದು ನಿನ್ನದು ಎಂದು ಊರು ಜಗಳವಾಡುತ್ತದೆ. ಕೊನೆಗೆ ಬಾವಿಯ ತಳದಿಂದ "ನಾವೆಲ್ಲ ಒಂದು" ಎಂಬ ದನಿ ಬರುತ್ತದೆ. ನಾಟಕದ ಹೆಸರೂ 'ಒಂದು', ಸಂಘದ ಹೆಸರೂ 'ಒಂದು'.

ಸೋಮಪ್ಪನ ಸೋದರಮಾವ ಶಿವಯೋಗಪ್ಪನವರದು ಕಾಳಿನ ವ್ಯಾಪಾರ. ಅವರ ಹೆಂಡತಿ ಅನ್ನದಾನಮ್ಮನೇ ಮೊದಲು ವಿಚಾರಣೆ ನಡೆಸಿದವರು.

"ನಿಂದು ಏನ್ ಪಾರ್ಟಲೇ ಸೋಮಾ?"

"ಅತ್ತಿ, ನಮ್ಮಲ್ಲಿ ಪಾರ್ಟು ಗೀರ್ಟು ಇರಲ್ಲ. ನಾಕು ಮಂದಿ ಸೇರಿ ಬಾವಿ ಆಗ್ತೀವಿ."

"ಬಾವಿ?"

"ಹೂಂ. ನಾನು ಮೂಡಲ ಕಡಿ ಗ್ವಾಡಿ."

ಅನ್ನದಾನಮ್ಮ ಹಣೆ ಚಚ್ಚಿಕೊಂಡರು. "ನಾಳೆ ಹೆಣ್ಣು ಕೊಡೋರು ಬಂದು ಕೇಳಿದ್ರ ಏನ್ ಹೇಳ್ಲೆಪ್ಪಾ? ಹುಡುಗ ಹಗಲೊತ್ತು ಗುಮಾಸ್ತ, ಸಂಜಿಮುಂದ ಗ್ವಾಡಿ ಅಂತ ಹೇಳ್ಲಾ?"

ಇಷ್ಟಾದರೂ ಶಿವಯೋಗಪ್ಪನವರು ಅಳಿಯನ ಮೇಲಿನ ಪ್ರೀತಿಯಿಂದ ಅಂಗಡಿಗೆ ಅಂಟಿಕೊಂಡ ಗೋದಾಮನ್ನು ಬಿಟ್ಟುಕೊಟ್ಟರು. ಹೊಸ ಶೇಂಗಾ ಬರುವ ತನಕ ಅದು ನಮ್ಮದು. ಮೂಲೆಯಲ್ಲಿ ಉಳಿದಿದ್ದ ತೊಗರಿ ಚೀಲಗಳನ್ನು ಕಾಯಲು ಅಂಗಡಿಯ ಅಳತೆಗಾರ ಓಬಣ್ಣ ಅಲ್ಲೇ ಕೂರಬೇಕು ಎಂಬುದೊಂದೇ ಷರತ್ತು.

ಓಬಣ್ಣನ ದನಿಗೆ ಗೋದಾಮಿನ ತಗಡು ನಡುಗುತ್ತಿತ್ತು. ತಕ್ಕಡಿ ಬಂದು ಎಷ್ಟೋ ಕಾಲವಾಗಿದ್ದರೂ ಸಂತೆಯ ದಿನ ಸಣ್ಣ ರೈತರ ಕಾಳನ್ನು ಅವನು ಸೇರಿನಲ್ಲೇ ಅಳೆಯುತ್ತಿದ್ದ. ನಮ್ಮ ಕಡೆ ಕಾಳು ಅಳೆಯುವವರು ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ. ಒಂದು ಅಂದರೆ ರಾಶಿ ಒಂಟಿಯಾಗುತ್ತದೆ, ಹೆಚ್ಚುವುದಿಲ್ಲ ಎಂದು ನಂಬಿಕೆ. ಆದ್ದರಿಂದ ಒಂದರ ಬದಲು 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು. ಓಬಣ್ಣ ಹೀಗೆ ಕೂಗುವುದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸುತ್ತಿತ್ತು.

ಇದು ನಮಗೆಲ್ಲ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ. ಸೋಮಪ್ಪನಿಗೂ ಗೊತ್ತಿತ್ತು. ಆದರೆ ಧಾರವಾಡಕ್ಕೆ ಹೋಗಿ ಬಂದವನಿಗೆ ಅದು ನೆನಪಿರಬೇಕೆಂಬ ನಿಯಮವೇನೂ ಇಲ್ಲವಲ್ಲ.

ಅವನು ಬೋರ್ಡು ಬರೆಸಿದ. ಗೋದಾಮಿನ ಬಾಗಿಲು ಕಿರಿದು, ಬೋರ್ಡೂ ಕಿರಿದು. ಪೇಂಟರ್ ಜಾಗ ನೋಡಿಕೊಂಡು ಮೇಲೆ ದಪ್ಪ ಕೆಂಪಕ್ಷರದಲ್ಲಿ 'ಒಂದು' ಎಂದು ಬರೆದ. ಅದರ ಕೆಳಗೆ ಅಷ್ಟೇ ದಪ್ಪಗೆ 'ಲಾಭವಿಲ್ಲದ' ಎಂದು ಬರೆದ. ಅಷ್ಟರಲ್ಲಿ ಜಾಗವೂ ಬಣ್ಣವೂ ಮುಗಿಯುತ್ತ ಬಂದಿದ್ದರಿಂದ 'ನಾಟಕ ಸಂಘ' ಎಂಬುದನ್ನು ಇರುವೆ ಸಾಲಿನಂತೆ ತಳದಲ್ಲಿ ಬಿಟ್ಟ.

ಮರುದಿನವೇ ಸಂತೆ. ಚಿಗಟೇರಿಯ ಮೈಲಪ್ಪ ಹುರುಳಿ ತಂದಿದ್ದ. ಓಬಣ್ಣ ಮೊದಲ ಸೇರನ್ನು ತುಂಬಿ, ಅದರ ತಲೆ ಸವರಿ ಮಟ್ಟ ಮಾಡಿ, "ಲಾಭ" ಎಂದು ರಾಗ ತೆಗೆದು ಸುರಿದ.

"ತಡಿ ತಡಿ," ಅಂದ ಮೈಲಪ್ಪ. "ಎಲ್ಲೈತಿ ಲಾಭ?"

"ಏನಲೇ ಹಂಗಂದ್ರ?"

"ಬೋರ್ಡಿನ್ಯಾಗ ನೀವ ಬರದೀರಲ್ಲ. ಒಂದು, ಲಾಭ ಇಲ್ಲದ. ಅಂದ್ರ ಇಲ್ಲಿ ಒಂದೂ ಇಲ್ಲ, ಲಾಭನೂ ಇಲ್ಲ. ಎರಡ್ರಿಂದ ಶುರು ಮಾಡು."

"ಹುಚ್ಚು ಹಿಡದೈತೇನೋ ನಿನಗ?"

"ನನಗ್ಯಾಕ ಹಿಡೀಬೇಕು? ಬರದೋರಿಗೆ ಹಿಡದೈತಿ. ನಾನು ನಾಕನೇ ಕ್ಲಾಸು ಓದೀನಿ, ನನಗ ಓದಾಕ ಬರ್ತೈತಿ. ಎರಡು ಅನ್ನು!"

ಸುತ್ತ ನಿಂತವರೆಲ್ಲ ಬೋರ್ಡು ನೋಡಿದರು. ಓದಲು ಬರುವವರು ಬಾರದವರಿಗೆ ಓದಿ ಹೇಳಿದರು. ಬರೆದದ್ದು ಬರೆದದ್ದೇ ಎಂದು ಸಭೆ ತೀರ್ಮಾನಿಸಿತು. ಬೇರೆ ದಾರಿ ಕಾಣದೆ ಓಬಣ್ಣ ಮೊದಲ ಸೇರಿಗೇ ಎರಡು ಅಂದ. ಮೈಲಪ್ಪನಿಗೆ ತಾರದ ಹುರುಳಿ ಒಂದು ಸೇರು ಹೆಚ್ಚಿಗೆ ಲೆಕ್ಕಕ್ಕೆ ಸಿಕ್ಕಿತು.

ಹೊತ್ತು ನೆತ್ತಿಗೇರುವ ಮುಂಚೆ ಸುದ್ದಿ ನಮ್ಮ ತಾಲೂಕಿನ ಅರಸೀಕೆರೆಯನ್ನು ದಾಟಿತು. ಶಿವಯೋಗಪ್ಪನವರ ಅಂಗಡಿಯಲ್ಲಿ ಎರಡರಿಂದ ಎಣಿಸುತ್ತಾರಂತೆ! ಬೇರೆ ಅಂಗಡಿಯ ಮುಂದೆ ಬಿಚ್ಚಿದ್ದ ಚೀಲಗಳು ಮತ್ತೆ ಬಾಯಿ ಕಟ್ಟಿಸಿಕೊಂಡು ಬಂದವು. ಬಂಡಿಗಳು ಒಂದರ ಮೂತಿಗೆ ಒಂದು ತಾಗುವಂತೆ ನಿಂತವು. ಗಾಳೆಮ್ಮ ಎಂಬ ಮುದುಕಿ ಒಂದೇ ಚೀಲ ಸಜ್ಜೆಯನ್ನು ಹಳೆ ಸೀರೆ ಹರಿದು ಸಣ್ಣ ಸಣ್ಣ ಗಂಟು ಕಟ್ಟಿಕೊಂಡು ಬಂದು ಸಾಲಾಗಿ ಇಟ್ಟಳು.

"ಇದೇನಬೇ, ಎಲ್ಲಾ ಒಂದೇ ಸಜ್ಜಿ ಅಲ್ಲೇನು?" ಅಂದರು ಶಿವಯೋಗಪ್ಪ.

"ಸಜ್ಜಿ ಒಂದೇ ಯಪ್ಪಾ, ಗಂಟು ಬ್ಯಾರೆ ಬ್ಯಾರೆ. ಒಂದೊಂದಕ್ಕೂ ಎರಡ್ರಿಂದ ಎಣಸು. ಪುಣ್ಯಾ ಬರ್ತೈತಿ."

ಶಿವಯೋಗಪ್ಪನವರು ಮೇಲೆ ನೋಡಿದರು. ಅಲ್ಲಿ ಆಕಾಶವಿರಲಿಲ್ಲ, ಬೋರ್ಡಿತ್ತು. ತಾವು ಬಿಟ್ಟುಕೊಟ್ಟ ಬಾಗಿಲ ಮೇಲೇ ಕೆಂಪಕ್ಷರದಲ್ಲಿ 'ಲಾಭವಿಲ್ಲದ' ಎಂದಿದ್ದುದನ್ನು ಅವರು ಆಗಲೇ ಮೊದಲ ಬಾರಿಗೆ ಓದಿದ್ದು. ಅವರು ಕೂಗಿದ ಕೂಗಿಗೆ ಸೋಮಪ್ಪ ಅಂಚೆ ಕಚೇರಿಯಿಂದ ಕೈಯಲ್ಲಿ ಮುದ್ರೆ ಹಿಡಿದುಕೊಂಡೇ ಓಡಿಬಂದ.

"ಮಾವಾ, ಲಾಭರಹಿತ ಅಂದ್ರ ಅದೊಂದು ತತ್ವ..."

"ನಿನ್ನ ತತ್ವದ ಮನಿ ಹಾಳಾಗ! ಕಾಳಿನ ಮನಿ ಹಣಿ ಮ್ಯಾಲೆ ಲಾಭ ಇಲ್ಲ ಅಂತ ಬರಿಸ್ತಾರೇನಲೇ? ಸೀಮೆಎಣ್ಣಿ ತಗಂಬಾರೋ ಓಬಣ್ಣಾ!"

ಶಿವಯೋಗಪ್ಪ ಸ್ವತಃ ಏಣಿ ಹತ್ತಿದರು. ಸೀಮೆಎಣ್ಣೆಯ ಅರಿವೆಯಿಂದ ಮೊದಲು ರಾಶಿಗೆ ಆಗಬಾರದ 'ಒಂದು'ವನ್ನು ಒರೆಸಿದರು. ಆಮೇಲೆ 'ವಿಲ್ಲದ'ವನ್ನು ಒರೆಸಿದರು. ಕೆಳಗಿಳಿದು, ದೂರ ನಿಂತು, ತೃಪ್ತಿಯಿಂದ ನೋಡಿದರು. ಬೋರ್ಡಿನಲ್ಲಿ ಉಳಿದದ್ದು ಇಷ್ಟು: ಲಾಭ ನಾಟಕ ಸಂಘ.

"ಈಗ ಚೊಲೋ ಆತು ನೋಡು," ಅಂದರು. "ಈಗ ಕೇಳು ಸೋಮಾ. ನಿಮ್ಮ ಸಂಘ ನೋಡಾಕ ಬಳ್ಳಾರಿಯಿಂದ ಸಾಹೇಬ್ರು ಬರ್ತಾರಂತಿ. ಅವರು ಹೌದು ಅಂದ್ರ ಗೋದಾಮು ನಿಮ್ಮದ. ಇಲ್ಲ ಅಂದ್ರ ಮರುದಿನ ಮುಂಜಾನಿ ಶೇಂಗಾ ಒಳಗ, ನೀವು ಹೊರಗ. ಗಡ್ಡನೂ ಹೋಗಬೇಕು."

ಸಾಹೇಬರು ಬರುವುದು ನಿಜವಾಗಿತ್ತು. ಸಂಘಗಳಿಗೆ ಮಾನ್ಯತೆ ಕೊಡುವ ಜಿಲ್ಲಾ ಕಚೇರಿಗೆ ಸೋಮಪ್ಪ ಅರ್ಜಿ ಹಾಕಿದ್ದ. ಮಾನ್ಯತೆಯಿಲ್ಲದೆ ಶಾಲೆಯವರು ಅಂಗಳ ಕೊಡುತ್ತಿರಲಿಲ್ಲ, ಪೊಲೀಸರು ಪರವಾನಗಿ ಕೊಡುತ್ತಿರಲಿಲ್ಲ. ಮಾನ್ಯತೆಗೆ ಇದ್ದದ್ದು ಒಂದೇ ಪ್ರಶ್ನೆ: ಈ ಸಂಘಕ್ಕೆ ಲಾಭದ ಉದ್ದೇಶವಿದೆಯೋ ಇಲ್ಲವೋ?

ತಾಲೀಮು ಜೋರಾಗಿ ನಡೆಯಿತು. ಬಾವಿಯ ತಳದ ದನಿಗೆ ಓಬಣ್ಣನನ್ನು ಬಿಟ್ಟರೆ ಗಂಟಲಿರಲಿಲ್ಲ. ತೊಗರಿ ಕಾಯುತ್ತಿದ್ದವನನ್ನು ಎಬ್ಬಿಸಿ ನಮ್ಮ ನಡುವೆ ಕೂರಿಸಿದೆವು. ಅವನಿಗಿದ್ದದ್ದು ಒಂದೇ ಮಾತು.

"ನಾವೆಲ್ಲ ಒಂದು. ಅನ್ನು," ಅಂದ ಸೋಮಪ್ಪ.

"ನಾವೆಲ್ಲ ಲಾಭ," ಅಂದ ಓಬಣ್ಣ. ತಗಡು ನಡುಗಿತು.

"ಲಾಭ ಅಲ್ಲೋ. ಒಂದು."

"ಅದನ್ನ ಅಂದೆ ರೀ."

"ಹೋಗಲಿ, ನಿನಗ ಮಕ್ಕಳೆಷ್ಟು?"

"ಲಾಭ ಗಂಡು, ಎರಡು ಹೆಣ್ಣು."

"ಆಕಾಶದಾಗ ಸೂರ್ಯ ಎಷ್ಟು ಅದಾನ?"

"ಲಾಭ ರೀ."

"ಸಾಕು ಬಿಡೋ ಸೋಮಣ್ಣ," ಅಂದಳು ಗಾದೆಮ್ಮ. "ಇನ್ನೊಂದೀಟು ಕೇಳಿದ್ರ ಎರಡನೇ ಸೂರ್ಯನ್ನೂ ಅಳದು ಹಾಕ್ಯಾನು."

ಓಬಣ್ಣ ಮೂಲೆಯ ಚೀಲಗಳ ಕಡೆ ನೋಡಿ ದನಿ ತಗ್ಗಿಸಿದ. "ಕಾಳಿನ ಮುಂದ ಆ ಮಾತು ಬಾಯಾಗ ಬರಲ್ಲ ರೀ. ಬಸ್ಸಿನ್ಯಾಗ ಸೈತ ಬರಲ್ಲ. ಯಾರದಾರ ಗಂಟಿನ್ಯಾಗ ಕಾಳು ಇರ್ತೈತಿ. ತಗೊಳ್ರಿ, ಆ ತೊಗರಿ ಈಗ ಸುಮ್ಮನ ಕೂತಾವು ಅಂತೀರೇನು? ಎಲ್ಲಾ ಕೇಳಿಸಿಕಂತಾವು."

ತೊಗರಿಯನ್ನು ಹೊರಗೆ ಹಾಕುವ ಹಾಗಿರಲಿಲ್ಲ, ಅದು ಶಿವಯೋಗಪ್ಪನವರದು. ಓಬಣ್ಣನನ್ನು ಬಿಡುವ ಹಾಗಿರಲಿಲ್ಲ. ಸಮೂಹದಿಂದ ಒಬ್ಬನನ್ನು ತೆಗೆದರೆ ಅದು ಸಮೂಹವೇ ಅಲ್ಲ. ಸೋಮಪ್ಪ ಗಡ್ಡ ನೀವಿಕೊಂಡು ದಾರಿ ಕಂಡುಹಿಡಿದ. "ಓಬಣ್ಣ ಬಾವಿಯಾಗ ಕೂತಿರ್ತಾನ. ಮಾತಾಡೋದಿಲ್ಲ. ಮೌನದ ಪ್ರತಿಧ್ವನಿ. ಕಡೀ ಮಾತು ನಾವ ಅನ್ನೋಣು. ಇದು ಇನ್ನೂ ಆಧುನಿಕ."

"ಬಾಯಿ ಮುಚ್ಚಿಕಂಡು ಕೂತ್ರ ಸಾಕೇನ್ರಿ?" ಅಂದ ಓಬಣ್ಣ. ಅವನ ಮುಖ ಸಣ್ಣಗಾಯಿತು. ಬಾವಿ ಆಗಿದ್ದ ನಮಗೆ ಅದನ್ನು ಗಮನಿಸುವಷ್ಟು ಪುರುಸೊತ್ತಿರಲಿಲ್ಲ.

ಸಾಹೇಬರು ಬಂದದ್ದೂ ಸಂತೆಯ ದಿನವೇ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು; ಕಾಳನ್ನು ಬೆಂದ ಮೇಲೆ ಮಾತ್ರ ನೋಡಿದವರು. ಬಸ್ಸಿನ ಧೂಳು ಕೊಡವಿಕೊಂಡು ವಿಳಾಸ ಹುಡುಕಿ ಬಂದು ಬೋರ್ಡು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಬಾಗಿಲಲ್ಲಿ ಶಿವಯೋಗಪ್ಪ ಕೈ ಮುಗಿದು ನಿಂತಿದ್ದರು. ಬಂದವರನ್ನು ಹೇಗಾದರೂ ಖುಷಿಪಡಿಸಿ ಅಳಿಯನ ಸಂಘಕ್ಕೆ ಒಳ್ಳೆಯದು ಮಾಡಬೇಕೆಂದು ಅವರು ಅಂದು ನಿಜವಾಗಿಯೂ ಬಯಸಿದ್ದರು.

"ಏನ್ರೀ ಇದು, ಲಾಭ ನಾಟಕ ಸಂಘ?" ಅಂದರು ಸಾಹೇಬರು. "ಇಲ್ಲಿ ಲಾಭ ಇದೆಯಾ?"

ಕಾಳಿನ ಅಂಗಡಿಯ ಮುಂದೆ ನಿಂತು ಯಾರೇ ಲಾಭದ ಮಾತೆತ್ತಿದರೂ ಶಿವಯೋಗಪ್ಪನವರಿಗೆ ಅದು ಅಳತೆಯ ಮಾತೇ. "ಲಾಭ ಇಲ್ಲದ ಹೆಂಗ್ರಿ ಸರ್? ನಮ್ಮಲ್ಲಿ ಶುರು ಆಗೋದ ಲಾಭದಿಂದ."

"ಓಹೋ. ಎಷ್ಟು ಲಾಭ ಆಗುತ್ತೆ?"

"ರಾಶಿಗೆ ಒಂದ ಲಾಭ ರೀ. ಒಂದ ರಾಶಿಗೆ ಎರಡು ಲಾಭ ಅಂದ್ರ ಅದು ಮೋಸ. ಆ ಕೆಲಸ ನಾವು ಮಾಡಂಗಿಲ್ಲ."

ಒಳಗಿಂದ ಮಜ್ಜಿಗೆ ತಂದ ಅನ್ನದಾನಮ್ಮ ತಮ್ಮ ಪಾಲಿನ ಸಾಕ್ಷಿಯನ್ನೂ ನುಡಿದರು. "ಅಲ್ಲಿ ಅದಾನ ನೋಡ್ರಿ ನಮ್ಮ ಓಬಣ್ಣ, ಲಾಭ ಅನ್ನದ ಬಾಯಿ ತಗಿಯಾಂಗಿಲ್ಲ. ಭಾಳ ಪ್ರಾಮಾಣಿಕ."

ಸಾಹೇಬರು ಮಜ್ಜಿಗೆಯ ಲೋಟವನ್ನು ಹಾಗೆಯೇ ಕೆಳಗಿಟ್ಟರು.

ನಾಟಕ ಶುರುವಾಯಿತು. ಸಂತೆ ಮುಗಿಸಿದ ರೈತರು ಗೋದಾಮಿನ ತುಂಬ ಕೂತಿದ್ದರು. ಎರಡರಿಂದ ಎಣಿಸುವ ಕಾಲ ಮತ್ತೆ ಬಂದರೂ ಬಂದೀತು ಎಂಬ ಆಸೆಯಿಂದ ಕೆಲವರು ಚೀಲಗಳನ್ನೂ ಮಡಿಲಲ್ಲಿಟ್ಟುಕೊಂಡಿದ್ದರು. ನಾವು ಕೈ ಕೈ ಹಿಡಿದು ಬಾವಿಯಾದೆವು. ಓಬಣ್ಣ ನಡುವೆ ತುಟಿ ಬಿಗಿದುಕೊಂಡು ಕೂತ. ಜಗಳದ ದೃಶ್ಯಕ್ಕೆ ಜನ ಸಿಳ್ಳೆ ಹಾಕಿದರು. ಮೈಲಪ್ಪನಂತೂ ಎದ್ದು ನಿಂತು ಬಾವಿ ಯಾರದೆಂದು ಪಂಚಾಯ್ತಿ ಮಾಡಲು ಬಂದ. ನಾಲ್ಕು ಜನ ಜಗ್ಗಿ ಕೂರಿಸಿದರು. ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಸಾಹೇಬರು ಗಡಿಯಾರ ನೋಡಿ ಎದ್ದು ನಿಂತರು. ಅದನ್ನು ನೋಡಿದ ಸೋಮಪ್ಪನ ಬಾಯಿ ತೆರೆದುಕೊಂಡಿತು, ಕೊನೆಯ ಮಾತು ಬರಲಿಲ್ಲ. ಗಾದೆಮ್ಮ ಅವನನ್ನು ನೋಡಿದಳು, ನಾಗೇಂದ್ರಪ್ಪ ಅವಳನ್ನು ನೋಡಿದ, ನಾನು ನೆಲ ನೋಡಿದೆ. ಬಾವಿ ಪೂರ್ತಿ ಬತ್ತಿಹೋಯಿತು.

ಓಬಣ್ಣನಿಗೆ ತಡೆಯಲಾಗಲಿಲ್ಲ. ಅಷ್ಟು ದಿನ ತುಂಬಿಟ್ಟುಕೊಂಡ ದನಿಯನ್ನೆಲ್ಲ ಒಮ್ಮೆಗೇ ಬಿಟ್ಟ.

"ನಾವೆಲ್ಲಾ ಲಾಭ!"

ಗೋದಾಮಿನಲ್ಲಿದ್ದವರೆಲ್ಲ ಹುಟ್ಟಿದಾಗಿನಿಂದ ಆ ಕೂಗು ಕೇಳಿದವರು. ಲಾಭದ ನಂತರ ಏನು ಬರಬೇಕೋ ಅದು ತಾನಾಗಿ ಬಂತು.

"ಎರಡು!" ಅಂದಿತು ಸಭೆ.

"ಮೂರು!" ಅಂದಳು ಗಾಳೆಮ್ಮ.

"ನಾಕು!" ಎಂದು ಇಡೀ ಗೋದಾಮು ಗುಡುಗಿತು. ಚಪ್ಪಾಳೆಗೆ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಹರಪನಹಳ್ಳಿಯಲ್ಲಿ ಅಂಥ ಸಮೂಹ ಅಭಿನಯವನ್ನು ಆಮೇಲೆ ಯಾರೂ ಕಂಡಿಲ್ಲ.

"ನಾನು ನೋಡಬೇಕಾದ್ದನ್ನ ನೋಡಿದೆ," ಅಂದರು ಸಾಹೇಬರು. "ಬೋರ್ಡಲ್ಲಿ ಲಾಭ, ಮಾಲೀಕರ ಬಾಯಲ್ಲಿ ಲಾಭ, ಈಗ ಊರಿಗೆ ಊರೇ ಲಾಭ."

"ಸರ್, ಇಲ್ಲಿ ಲಾಭ ಅಂದರೆ ಲಾಭ ಅಲ್ಲ ಸರ್," ಎಂದು ಸೋಮಪ್ಪ ಹಿಂದೆ ಓಡಿದ.

"ಮತ್ತೇನು?"

"ಒಂದು."

"ನಾಳೆ ನಷ್ಟ ಅಂದರೆ ಎರಡು ಅಂತೀರಿ," ಎಂದು ಸಾಹೇಬರು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಸಂಜೆಯ ಬಳ್ಳಾರಿ ಬಸ್ಸು ಗುರುಗುಡುತ್ತ ನಿಂತಿತ್ತು. ಸಾಹೇಬರು ಹತ್ತಿದರು. ನಾವು ಕಿಟಕಿಯ ಹೊರಗೆ ಕೈ ಮುಗಿದು ನಿಂತೆವು. ಓಬಣ್ಣ ಮಾತ್ರ ನಮ್ಮನ್ನೆಲ್ಲ ನೂಕಿಕೊಂಡು ಬಸ್ಸೊಳಗೇ ನುಗ್ಗಿದ. ಬಸ್ಸು ಹೊರಟೇಬಿಟ್ಟಿತು. ಗಾಜಿನ ಹಿಂದೆ ಕಂಡಕ್ಟರ್ ಕೈ ಚಾಚುವುದು, ಓಬಣ್ಣ ಬಾಯಿ ತೆರೆಯುವುದು, ಸಾಹೇಬರು ಸೀಟಿನಿಂದ ಅರ್ಧ ಏಳುವುದು ಕಂಡಿತು. ಮಾತೊಂದೂ ಕೇಳಲಿಲ್ಲ. ಆಮೇಲೆ ಬರೀ ಧೂಳು.

"ಮೌನದ ಪ್ರತಿಧ್ವನಿ," ಅಂದಳು ಗಾದೆಮ್ಮ.

ಮರುದಿನ ಮುಂಜಾನೆ ಶೇಂಗಾದ ಬಂಡಿಗಳು ಬಂದು ನಿಂತವು. ಕೊಟ್ಟ ಮಾತಿಗೆ ತಪ್ಪಬಾರದೆಂದು ಶಿವಯೋಗಪ್ಪ ಕ್ಷೌರಿಕನನ್ನೂ ಕರೆಸಿದ್ದರು. ಗೋದಾಮಿನ ಮುಂದೆ ಕಟ್ಟೆಯ ಮೇಲೆ ಸೋಮಪ್ಪನನ್ನು ಕೂರಿಸಿ ನೊರೆ ಹಚ್ಚಿದ್ದಾಯಿತು. ಊರು ಸೇರಿತ್ತು. ಎಡಗೆನ್ನೆ ಪೂರ್ತಿ ನುಣ್ಣಗಾಗಿ ಕತ್ತಿ ಗದ್ದಕ್ಕೆ ಬಂದಾಗ ಕೊಟ್ಟೂರಿನಿಂದ ಬರುವ ಮೊದಲ ಬಸ್ಸು ಬಂತು. ಓಬಣ್ಣ ಅದರ ಬಾಗಿಲಲ್ಲಿ ನೇತಾಡುತ್ತಲೇ ಕೂಗಿದ.

"ನಿಲ್ಸ್ರೀ! ಕತ್ತಿ ನಿಲ್ಸ್ರೀ!"

ಕತ್ತಿ ನಿಂತಿತು. ಬಂಡಿಯ ಎತ್ತುಗಳೂ ತಲೆಯೆತ್ತಿದವು.

"ಏನಾತಲೇ, ಹೇಳು," ಅಂದರು ಶಿವಯೋಗಪ್ಪ.

"ಸಾಹೇಬ್ರ ಕೈಕಾಲು ಹಿಡಕಂಡಾರ ಹೇಳಬೇಕು ಅಂತ ಹತ್ತಿದೆ ರೀ. ಆ ಕಂಡಕ್ಟರ್ ಬಿಡವಲ್ಲ. ಟಿಕೇಟು ತಗೀ, ಇಲ್ಲಾಂದ್ರ ಇಳೀ ಅಂದ. ಬಾಜೂಕ ಒಬ್ಬಾಕಿ ತೊಡಿ ಮ್ಯಾಲೆ ಅಲಸಂದಿ ಗಂಟು ಇಟಗಂಡಿದ್ಲು. ಕಾಳಿನ ಮುಂದ ಹೆಂಗನ್ಲಿ? ಕೊಟ್ಟೂರಿಗೆ ಲಾಭ ಕೊಡಪ್ಪಾ ಅಂದೆ."

"ಆಮೇಲೆ?"

"ಅವನು ತಲಿ ಎತ್ತಲಿಲ್ಲ ರೀ. ಟರ್ರಂತ ಟಿಕೇಟು ಹರದು ಕೊಟ್ಟ. ಸಾಹೇಬ್ರು ಎದ್ದ್ರು. ಏನಪ್ಪಾ, ಇವರು ಏನು ಕೇಳಿದರು ಅಂದ್ರು. ಟಿಕೇಟು ಕೇಳಿದ್ರು ಸರ್ ಅಂದ. ಎಷ್ಟು ಕೊಟ್ಟೆ ಅಂದ್ರು. ಎಷ್ಟಂದ್ರ ಏನ್ರಿ ಸರ್, ಲಾಭ ಅಂದ್ರಲ್ಲ, ಲಾಭ ಕೊಟ್ಟೆ ಅಂದ. ಪಾಪ, ಆ ಕಂಡಕ್ಟರ್ ಹಡಗಲಿ ಕಡ್ಯಾವ, ಮನ್ಯಾಗ ಹೊಲ ಐತಿ. ಸಾಹೇಬ್ರು ನನ್ನ ಕೈಯಾಗಿನ ಟಿಕೇಟು ಇಸಗಂಡು ಹಿಂದ ಮುಂದ ತಿರುವಿ ನೋಡಿದ್ರು. ಬರೋಬ್ಬರಿ ಲಾಭ ಇತ್ತು."

"ಆಮೇಲೋ?" ಎಂದು ಸೋಮಪ್ಪ ನೊರೆಯೊಳಗಿಂದ ಕೇಳಿದ.

"ಆಮೇಲೆ ಏನೈತಿ, ನಗಾಕ ಹತ್ತಿದ್ರು. ಕೊಟ್ಟೂರು ಬರೋತನಕ ನಕ್ಕರು. ಅಲಸಂದಿ ಹೆಣ್ಮಗಳು ಇವರಿಗೆ ಮೈಮ್ಯಾಲೆ ಬಂದೈತೇನೋ ಅಂತ ಸೀಟು ಬಿಟ್ಟು ಎದ್ಲು. ನಾನು ಇಳಿಯಾಗ ಸಾಹೇಬ್ರು ಕಿಟಕಿ ತಗದು ಕೂಗಿದ್ರು: ಓಬಣ್ಣ, ನಿಮ್ಮ ಸಂಘಕ್ಕೆ ಲಾಭ ಮಾನ್ಯತೆ ಕೊಟ್ಟಿದ್ದೀನಿ ಅಂತ ಹೇಳಿ!"

ಜನ ಹೋ ಎಂದರು. ಶಿವಯೋಗಪ್ಪ ಸ್ವಲ್ಪ ಹೊತ್ತು ಬೋರ್ಡು ನೋಡಿದರು, ಬಂಡಿ ನೋಡಿದರು, ಅಳಿಯನ ಅರ್ಧ ಮುಖ ನೋಡಿದರು. ಆಮೇಲೆ ಬಂಡಿಯವರಿಗೆ, "ಶೇಂಗಾ ನಮ್ಮ ಪಡಸಾಲಿಗೆ ಹಾಕ್ರಪ್ಪಾ" ಅಂದರು. ಒಳಗಿಂದ ಅನ್ನದಾನಮ್ಮ, "ಮತ್ತ ನಾವು ಎಲ್ಲಿ ಮಲಗಬೇಕು? ಬಾವ್ಯಾಗೇನು?" ಎಂದದ್ದು ಬೀದಿಗೆಲ್ಲ ಕೇಳಿಸಿತು.

ಮಾನ್ಯತೆ ಬಂತು. ಸಾಹೇಬರು ಬೋರ್ಡಿನಲ್ಲಿ ಕಂಡ ಹೆಸರನ್ನೇ ಬರೆದಿದ್ದರು: ಲಾಭ ನಾಟಕ ಸಂಘ, ಹರಪನಹಳ್ಳಿ, ಲಾಭರಹಿತ. ತಿದ್ದಿಸಬೇಕೆಂದು ಸೋಮಪ್ಪ ಕೆಲವು ದಿನ ಕುಣಿದಾಡಿದ. ಆದರೆ ಗಡ್ಡ ಎಡಗಡೆ ಬೆಳೆಯುವ ತನಕ ಅವನ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಬಾವಿಯ ತಳದ ಮಾತು ಓಬಣ್ಣನಿಗೇ ಮರಳಿತು. ಅವನು ಅದನ್ನು 'ನಾವೆಲ್ಲ ಲಾಭ' ಎಂಬ ತನ್ನ ಪಾಠದಂತೆಯೇ ಹೇಳುತ್ತ ಬಂದ. ಪ್ರತಿ ಊರಿನಲ್ಲೂ ಜನ ಎರಡು ಮೂರು ಎಂದು ಮುಂದುವರಿಸಿದರು. ಕೂಡ್ಲಿಗಿಯಲ್ಲಿ ಇಪ್ಪತ್ತರವರೆಗೂ ಹೋಗಿ ನಾವೇ ಕೈ ಮುಗಿದು ನಿಲ್ಲಿಸಬೇಕಾಯಿತು.

ನಮ್ಮ ಸಂಘದ ಇತಿಹಾಸದಲ್ಲಿ ಹೇಳಲೇಬೇಕಾದ ಇನ್ನೊಂದು ಪ್ರದರ್ಶನವಿದೆ. ಅದು ಹಗರಿಬೊಮ್ಮನಹಳ್ಳಿಯಲ್ಲಿ. ಅಂದು ಟೆಂಟಿನಲ್ಲಿ ಹೊಸ ಸಿನಿಮಾ ಬಂದಿತ್ತು, ಊರೆಲ್ಲ ಅಲ್ಲಿಗೆ ಹೋಗಿತ್ತು. ನಾವು ಪರದೆಯ ಹಿಂದೆ ಬಾವಿಯಾಗಿ ಕಾದು ನಿಂತೆವು. ಹೊರಗೆ ಸದ್ದೇ ಇಲ್ಲ. ಗಾದೆಮ್ಮ ಸೆರಗು ಬಿಗಿದುಕೊಂಡು, "ಪೆಟ್ಟಿಗಿ ಕಟ್ಟೋಣೇನು?" ಅಂದಳು. ಸೋಮಪ್ಪ ಹೊಸದಾಗಿ ಬೆಳೆದ ಗಡ್ಡ ಕೆರೆದುಕೊಳ್ಳುತ್ತಿದ್ದ. "ನೋಡೋ ಓಬಣ್ಣಾ, ಯಾರಾರ ಅದಾರೇನು?" ಅಂದ ನಾಗೇಂದ್ರಪ್ಪ.

ಓಬಣ್ಣ ಪರದೆ ಸರಿಸಿ ಇಣುಕಿದ. ಮುಂದಿನ ಸಾಲಿನಲ್ಲಿ ಒಬ್ಬೇ ಒಬ್ಬ ಮುದುಕ ಕಂಬಳಿ ಹೊದ್ದು, ಕೋಲು ಮಡಿಲಲ್ಲಿಟ್ಟುಕೊಂಡು, ಪರದೆಯನ್ನೇ ನೋಡುತ್ತ ಕೂತಿದ್ದ.

ಓಬಣ್ಣ ಪರದೆ ಬಿಟ್ಟು ನಮ್ಮ ಕಡೆ ತಿರುಗಿದ. ಅವನ ಮುಖ ರಾಶಿಯ ಮುಂದೆ ಸೇರು ಹಿಡಿದು ಕೂತಾಗ ಇರುತ್ತಿದ್ದ ಹಾಗೆಯೇ ಇತ್ತು.

"ಲಾಭ ಐತ್ರೀ," ಅಂದ. "ಶುರು ಮಾಡ್ರಿ."